ಟೆಂಪೆಸ್ಟ್‌ನ ಸೆರೆಗಳನ್ನು ರಂಗದ ಮೇಲೆ ತೋರಿಸೋದು ಹೇಗೆ? ಕಂಬಿ ಬೇಕೋ ಬೇಡವೋ?

ದುರ್ಗದ ನೇಪಥ್ಯ
ಎಲ್ಲರಿಗೂ ನಮಸ್ಕಾರ. ನಮ್ಮ ತಂಡ ಈ ಸಲ ಷೇಕ್ಸ್‌ಪಿಯರನ ಟೆಂಪೆಸ್ಟ್ ಕೈಗೆತ್ತಿಕೊಂಡಿದೆ. ತಮ್ಮನ ದ್ರೋಹದಿಂದ ರಾಜ್ಯ ಕಳೆದುಕೊಂಡ ಮಿಲಾನ್ ದೊರೆ, ಮಾಂತ್ರಿಕ ಪ್ರಾಸ್ಪೆರೊ, ದ್ವೀಪವೊಂದರಲ್ಲಿದ್ದು ಬಿರುಗಾಳಿ ಎಬ್ಬಿಸಿ ಶತ್ರುಗಳನ್ನು ಅಲ್ಲಿಗೇ ತರಿಸಿಕೊಳ್ಳುವ ಕಥೆ. 11 ನಟರು, 90 ನಿಮಿಷ, ವಿರಾಮ ಇಲ್ಲ. ಮೊದಲು ಚಿತ್ರದುರ್ಗದ ತರಾಸು ರಂಗಮಂದಿರದಲ್ಲಿ, ಅನುಮತಿ ಸಿಕ್ಕರೆ ಅದೇ ಪ್ರಯೋಗ ಜಿಲ್ಲಾ ಕಾರಾಗೃಹದ ಒಳಗೆ. ಜೈಲಿನ ಯೋಚನೆ ಹುಟ್ಟಿದ್ದು ಕೆನಡಾದ ಲೇಖಕಿ ಮಾರ್ಗರೆಟ್ ಆಟ್ವುಡ್ ಅವರ 2016ರ ಕಾದಂಬರಿ ಹ್ಯಾಗ್-ಸೀಡ್ ಓದಿದ ಮೇಲೆ. ಅದರಲ್ಲಿ ಫೀಲಿಕ್ಸ್ ಎಂಬ ನಿರ್ದೇಶಕನನ್ನು ಅವನ ಕೈಕೆಳಗಿದ್ದವನೇ ಹುದ್ದೆಯಿಂದ ಕಿತ್ತುಹಾಕಿಸುತ್ತಾನೆ. 12 ವರ್ಷ ಮರೆಯಲ್ಲಿದ್ದು, ಆಮೇಲೆ ಜೈಲಿನ ಕೈದಿಗಳಿಂದ ಇದೇ ನಾಟಕ ಆಡಿಸಿ, ತನ್ನ ಶತ್ರುಗಳನ್ನು ಆ ಪ್ರದರ್ಶನದೊಳಕ್ಕೇ ಕೆಡವುತ್ತಾನೆ.

ಈಗ ತಂಡದಲ್ಲಿ ಎರಡು ಪಂಗಡ. ಒಂದು ಪಂಗಡ ಇಡೀ ರಂಗವನ್ನೇ ಕಂಬಿಗಳ ಪಂಜರ ಮಾಡೋಣ ಅನ್ನುತ್ತೆ. ಇನ್ನೊಂದು, ಕಂಬಿ ಒಂದೂ ಬೇಡ ಅನ್ನುತ್ತೆ. ಜೊತೆಗೆ ನಾಟಕದ ಪ್ರತಿ ಇನ್ನೂ ಉದ್ದ ಇದೆ, ಎಲ್ಲಿ ಕತ್ತರಿ ಹಾಕಿದರೂ ಯಾರದೋ ಒಬ್ಬರ ಸೆರೆಯ ಕಥೆ ಹೋಗುತ್ತೆ. ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.

ಬೆಣ್ಣೆನಗರಿ ಬೆಳಕು
ಕಂಬಿ ಕಟ್ಟಿಸಬೇಡ್ರಿ. ಕಬ್ಬಿಣದ ಪಂಜರ ಲಾರಿ ಬೇಡುತ್ತೆ. ಅದೂ ಹೋಗಲಿ, ಮೊದಲ ಐದು ನಿಮಿಷದಲ್ಲೇ ಪ್ರೇಕ್ಷಕರಿಗೆ ರೂಢಿಯಾಗಿಬಿಡುತ್ತೆ. ಆಮೇಲೆ ಅದು ಸೆರೆ ಅಲ್ಲ, ಬರೀ ಸೆಟ್ಟು.

ನೆರಳಿನಲ್ಲಿ ಕಂಬಿ ತೋರಿಸ್ತೀವಿ ಅಂತೀರಾದ್ರೆ ಒಂದು ಮಾತು. ಈಗ ಬಾಡಿಗೆಗೆ ಸಿಗೋದು ಬಹುಪಾಲು ಎಲ್‌ಇಡಿ ಪಾರ್. ಅದರ ಮುಂದೆ ಬಿದಿರಿನ ಚೌಕಟ್ಟು ಹಿಡಿದರೆ ನೆರಳು ಕೆಡುತ್ತೆ, ಯಾಕಂದ್ರೆ ಒಳಗಿನ ಹತ್ತಾರು ದೀಪ ಒಂದೊಂದೂ ತನ್ನದೇ ನೆರಳು ಬಿಡುತ್ತೆ, ಬಣ್ಣಬಣ್ಣದ ಪಟ್ಟೆ ಬೀಳುತ್ತೆ. ಒಂದೇ ಬಲ್ಬಿನ ಪ್ರೊಫೈಲ್ ಸ್ಪಾಟ್ ಬೇಕು. ತೆಳು ತಗಡಿನಲ್ಲಿ ಸೀಳು ಕೊಯ್ದು ಅದರ ಗೇಟಿನಲ್ಲಿ, ಅಂದರೆ ಬಲ್ಬಿಗೂ ಲೆನ್ಸಿಗೂ ನಡುವಿನ ಸಂದಿನಲ್ಲಿ ಕೂರಿಸಿ, ಲೆನ್ಸ್ ಹಿಂದೆ ಮುಂದೆ ಮಾಡಿದರೆ ಗೆರೆ ಚುರುಕಾಗುತ್ತೆ. ಪ್ರೊಫೈಲ್ ಇಲ್ಲವಾದರೆ ಚೌಕಟ್ಟನ್ನು ದೀಪದಿಂದ ದೂರ, ನೆಲಕ್ಕೋ ಪರದೆಗೋ ಹತ್ತಿರ ಇಡಿ. ದೀಪದ ಪಕ್ಕದಲ್ಲಿಟ್ಟರೆ ಮಬ್ಬು ಮಬ್ಬು.

ಹೊಸದುರ್ಗದ ಓದುಗಿ
ಬೆಳಕಿಗಿಂತ ಮೊದಲು ಪಠ್ಯ ನೋಡೋಣ. ಯಾರು ಎಲ್ಲಿ ಸೆರೆಯಲ್ಲಿದ್ದಾರೆ ಅಂತ ಪಟ್ಟಿ ಮಾಡದೆ ಕಂಬಿ ಬೇಕೋ ಬೇಡವೋ ತೀರ್ಮಾನ ಆಗಲ್ಲ.

ಮಾಟಗಾತಿ ಸಿಕೊರಾಕ್ಸ್ ಆಲ್ಜಿಯರ್ಸ್‌ನಿಂದ ಗಡೀಪಾರಾಗಿ ಈ ದ್ವೀಪಕ್ಕೆ ಬಂದವಳು. ಅವಳು ಗಾಳಿಯ ಚೇತನ ಏರಿಯಲ್‌ನನ್ನು ಸೀಳಿದ ಪೈನ್ ಮರದೊಳಗೆ 12 ವರ್ಷ ಸಿಕ್ಕಿಸಿ, ಬಿಡಿಸದೆ ಸತ್ತುಹೋದಳು. ಆಮೇಲೆ ಬಿಡಿಸಿ ಆಳು ಮಾಡಿಕೊಂಡವನು ಪ್ರಾಸ್ಪೆರೊ. ಪ್ರಾಸ್ಪೆರೊ ಮತ್ತು ಅವನ ಮಗಳು ಮಿರಾಂಡಾ ದ್ವೀಪದಲ್ಲೇ 12 ವರ್ಷದಿಂದ ಇದ್ದಾರೆ, ಬಂದಾಗ ಮಿರಾಂಡಾಗೆ ಮೂರು ತುಂಬಿರಲಿಲ್ಲ. ಸಿಕೊರಾಕ್ಸ್ ಮಗ, ಈಗ ಪ್ರಾಸ್ಪೆರೊನ ಆಳಾದ ಕ್ಯಾಲಿಬನ್ ಬಂಡೆಯ ಸಂದಿನಲ್ಲಿ. ನೇಪಲ್ಸ್ ರಾಜಕುಮಾರ ಫರ್ಡಿನೆಂಡ್ ಪ್ರಾಸ್ಪೆರೊನ ಮಂತ್ರಕ್ಕೆ ಕೈ ಸೋತು ಮರ ಹೊರುತ್ತಾನೆ. ನೇಪಲ್ಸ್ ದೊರೆ ಅಲಾನ್ಸೊ, ಅವನ ತಮ್ಮ ಸೆಬಾಸ್ಟಿಯನ್, ಪ್ರಾಸ್ಪೆರೊನ ತಮ್ಮ ಆಂಟೊನಿಯೊ ಹುಚ್ಚು ಹಿಡಿದವರಂತೆ ತೋಪಿನಲ್ಲಿ ಕದಲಲಾರದೆ ನಿಂತಿದ್ದಾರೆ, ಏರಿಯಲ್ ಬಾಯಲ್ಲೇ ಅವರು ‘ಕೈದಿಗಳು’. ದೊರೆಯ ಕುಡುಕ ಆಳುಗಳು ಸ್ಟೆಫಾನೊ, ಟ್ರಿಂಕ್ಯುಲೊ ಕೊಳೆತ ಕೊಳದಲ್ಲಿ ಕುತ್ತಿಗೆಮಟ್ಟ.

ಆಟ್ವುಡ್ ಕಾದಂಬರಿಯಲ್ಲಿ ಫೀಲಿಕ್ಸ್ ಕೈದಿಗಳಿಂದ ಈ ಲೆಕ್ಕವನ್ನೇ ಹಾಕಿಸುತ್ತಾನೆ. ಅಲ್ಲಿನ ಲೆಕ್ಕದಲ್ಲಿ ಒಂಬತ್ತನೆಯ, ಕೊನೆಯ ಸೆರೆಮನೆ ಯಾವುದು ಅಂದರೆ ನಾಟಕವೇ. ಉಪಸಂಹಾರದಲ್ಲಿ ಪ್ರಾಸ್ಪೆರೊ ಪ್ರೇಕ್ಷಕರ ಮುಂದೆ ನಿಂತು, ನಿಮ್ಮ ಚಪ್ಪಾಳೆಯಿಂದ ನನ್ನ ಕಟ್ಟು ಬಿಚ್ಚಿ ಅಂತ ಕೇಳುತ್ತಾನಲ್ಲ, ಆ 20 ಸಾಲು ಹಾಗೆ ಓದಿದಾಗ ಬೇರೆಯೇ ಆಗುತ್ತೆ.

ಈ ಪಟ್ಟಿಯಲ್ಲಿ ಗೋಡೆ, ಬೀಗ, ಕಂಬಿ ಎಲ್ಲೂ ಇಲ್ಲ ನೋಡಿ. ಮರ, ಬಂಡೆ, ಸಮುದ್ರ, ಮಾತು, ಸಾಲ, ಭಯ. ಕಂಬಿ ಹಾಕಿದಿರೋ, ಇಷ್ಟೂ ಬಗೆಯ ಸೆರೆ ಒಂದೇ ಬಗೆಯದಾಗಿ ಕಾಣುತ್ತೆ.

ಕೆಂಪುಕೋಟು
ಪ್ರಾಸ್ಪೆರೊ ಜೈಲರ್ ರೀ, ಕೈದಿ ಅಲ್ಲ. ಅಷ್ಟು ಗಟ್ಟಿಯಾಗಿ ಇಟ್ಕೊಂಡು ಮಾಡಿ.

ರಂಗಮೇಷ್ಟ್ರು
ಅಷ್ಟು ಸಲೀಸಾಗಿ ಹೇಳೋಕಾಗಲ್ಲ ಸರ್. ಆ ಮನುಷ್ಯ ಪುಸ್ತಕದಲ್ಲಿ ಮುಳುಗಿ ರಾಜ್ಯಭಾರ ತಮ್ಮನ ಕೈಗೆ ಬಿಟ್ಟವನು, ಅಲ್ಲಿಂದಲೇ ಅವನ ಸೆರೆ ಶುರು. ದ್ವೀಪಕ್ಕೆ ಬಂದ ಮೇಲೂ ಶತ್ರುಗಳ ಹಡಗು ತಾನಾಗಿ ಹತ್ತಿರ ಬರೋವರೆಗೆ ಕಾಯಬೇಕಾಯ್ತು. ಇಷ್ಟು ಶಕ್ತಿ ಇರೋನು ಒಂದು ದೋಣಿ ಮಾಡಿಕೊಂಡು ಹೋಗಲಿಲ್ಲ ಯಾಕೆ? ಸೇಡು ಅವನನ್ನ ಕಟ್ಟಿಹಾಕಿತ್ತು. ಕಾದಂಬರಿಯ ಫೀಲಿಕ್ಸೂ ಹಾಗೇ. ಅವನ ಮಗಳು ಮಿರಾಂಡಾ ಮೂರು ವರ್ಷದವಳಾಗಿದ್ದಾಗ ಮಿದುಳುಜ್ವರದಿಂದ ತೀರಿಹೋದಳು. ಅವಳು ತನ್ನ ಜೊತೆಯಲ್ಲೇ ಬೆಳೀತಿದ್ದಾಳೆ ಅಂತ ಅಷ್ಟೂ ವರ್ಷ ಬದುಕುತ್ತಾನೆ. ಕೊನೆಯಲ್ಲಿ ಏರಿಯಲ್‌ಗೆ ಹೇಳುವ ಬಿಡುಗಡೆಯ ಮಾತನ್ನು ಅವನು ಹೇಳೋದು ಆ ಮಗಳ ನೆರಳಿಗೆ.

ಕೆಂಪುಕೋಟು
ಸರಿ, ಆದರೆ ಮಾತು ಕೇಳಿ. ಏರಿಯಲ್ ಮೊದಲನೇ ಅಂಕದಲ್ಲಿ ಏನು ಕೇಳ್ತಾನೆ? ಸೇವೆಯಲ್ಲಿ ಪೂರ್ತಿ ಒಂದು ವರ್ಷ ಕಡಿಮೆ ಮಾಡ್ತೀನಿ ಅಂತ ನೀನು ಮಾತು ಕೊಟ್ಟಿದ್ದೆ, ಬಿಡು ಅಂತ. ಅದಕ್ಕೆ ಪ್ರಾಸ್ಪೆರೊ ಏನಂತಾನೆ? ಇನ್ನೊಂದು ಸಲ ಗೊಣಗಿದರೆ ಓಕ್ ಮರ ಸೀಳಿ 12 ಚಳಿಗಾಲ ಅದರೊಳಗೆ ಬಡಿದು ಕೂರಿಸ್ತೀನಿ ಅಂತಾನೆ. ಸಿಕೊರಾಕ್ಸ್ ಕೊಟ್ಟಷ್ಟೇ ಶಿಕ್ಷೆ. ಬಿಡಿಸಿದವನೂ ಕಟ್ಟಿದವಳೂ ಒಂದೇ ಅಳತೆಗೋಲು ಹಿಡಿದಿದ್ದಾರೆ. ಇದನ್ನು ಮೆತ್ತಗೆ ಮಾಡಿ ಮುದಿ ಅಜ್ಜನ ಕನವರಿಕೆ ಥರ ಆಡಿಸಿದರೆ ನಾಟಕ ಅಲ್ಲೇ ಸತ್ತುಹೋಗುತ್ತೆ.

ಮಾರ್ಟಿನಿಕ್‌ನ ಕವಿ ಎಮೆ ಸೆಜೇರ್ 1969ರಲ್ಲಿ ಇದೇ ಕಥೆಯನ್ನ ಗುಲಾಮಗಿರಿಯ ಕಡೆಯಿಂದ ಬರೆದರಲ್ಲ, ಅದರಲ್ಲಿ ಪ್ರಾಸ್ಪೆರೊ ಕೊನೆಗೆ ದ್ವೀಪ ಬಿಟ್ಟು ಹೋಗೋದೇ ಇಲ್ಲ. ಜೈಲರ್‌ಗೆ ಜೈಲು ಬಿಡೋಕಾಗಲ್ಲ. ನನಗೆ ಆಟ್ವುಡ್‌ಗಿಂತ ಅದು ದಿಟ್ಟ ಅನ್ಸುತ್ತೆ.

ಹೊಸದುರ್ಗದ ಓದುಗಿ
ಶಿಕ್ಷೆಯ ಅಳತೆ ಒಂದೇ ಅನ್ನೋದು ತುಂಬ ಸರಿ. ನೇಪಥ್ಯ ಅವರೇ, ಎರಡೂ ಕಡೆ ‘12’ ಅನ್ನೋ ಅಂಕಿ ಪ್ರತಿಯಲ್ಲಿ ಉಳಿಯಲಿ. ಕತ್ತರಿಸುವಾಗ ಮೊದಲು ಹೋಗೋದು ಇಂಥ ಅಂಕಿಗಳೇ.

ಆದರೆ ಎಲ್ಲರೂ ಒಂದು ಬಿಡ್ತಿದ್ದೀರಿ. ಕ್ಯಾಲಿಬನ್ ‘ಸ್ವಾತಂತ್ರ್ಯ’ ಅಂತ ಕುಣಿದು ಹಾಡೋದು ಯಾವಾಗ? ಕುಡುಕ ಸ್ಟೆಫಾನೊನ ಕಾಲಿಗೆ ಬಿದ್ದು ಹೊಸ ಒಡೆಯನನ್ನು ಒಪ್ಪಿಕೊಂಡ ಮೇಲೆ. ಅದರ ಮರುದೃಶ್ಯದಲ್ಲೇ ರಾಜಕುಮಾರ ಫರ್ಡಿನೆಂಡ್ ಮರ ಹೊತ್ತು ಬರುತ್ತಾನೆ. ಅವನಿಗೆ ದಿನಕ್ಕೊಮ್ಮೆ ಮಿರಾಂಡಾಳ ಮುಖ ಕಂಡರೆ ಸಾಕು, ಸೆರೆಮನೆಯೇ ಬೇಕಾದಷ್ಟು ಜಾಗ. ಒಬ್ಬ ಬಿಡುಗಡೆ ಅಂತ ಕೂಗ್ತಾ ಗುಲಾಮನಾಗ್ತಾನೆ, ಇನ್ನೊಬ್ಬ ಸೆರೆಯಲ್ಲಿದ್ದೇ ಸುಖವಾಗಿದ್ದಾನೆ. ಎರಡನೇ ಅಂಕದ ಕೊನೆ ಮತ್ತು ಮೂರನೇ ಅಂಕದ ಮೊದಲ ದೃಶ್ಯ ಬೇರೆಬೇರೆ ಮಾಡಬೇಡಿ, ಬ್ಲ್ಯಾಕೌಟ್ ಹಾಕಬೇಡಿ. ಕ್ಯಾಲಿಬನ್ ಎಸೆದುಹೋದ ಕಟ್ಟಿಗೆಯನ್ನೇ ಫರ್ಡಿನೆಂಡ್ ಬಗ್ಗಿ ಎತ್ತಲಿ. ನಿಮ್ಮ ಸೆರೆ ಅಲ್ಲಿದೆ.

ಪರಿಕರ ಪೆಟ್ಟಿಗೆ
ಆಹಾ, ಕಟ್ಟಿಗೆ ವಿಷಯ ಬಂತು. ಥರ್ಮಕೋಲ್ ದಿಮ್ಮಿ ಮಾಡಿಸಿದರೆ ಈ ದೃಶ್ಯ ಕೆಟ್ಟಂತೆ. ನಟ ಎಷ್ಟೇ ಮುಖ ಕಿವುಚಿದರೂ ಮೊಣಕಾಲು ಸುಳ್ಳು ಹೇಳಲ್ಲ. ಭಾರ ಇಲ್ಲದ್ದನ್ನು ಎತ್ತುವಾಗ ಬೆನ್ನು ಮೊದಲು ಏಳುತ್ತೆ, ಭಾರ ಇದ್ದಾಗ ಕಾಲು ಮೊದಲು ಗಟ್ಟಿಯಾಗುತ್ತೆ, ಹಿಂದಿನ ಸಾಲಿಗೂ ಅದು ಕಾಣುತ್ತೆ.

ಚನ್ನಗಿರಿ ಕಡೆ ತೋಟದಲ್ಲಿ ಬಿದ್ದ ಅಡಿಕೆ ಮರ ಸಿಗುತ್ತೆ. ನಾಲ್ಕಡಿ ತುಂಡು ಮಾಡಿ, ಸೀಳಿ, ಒಳಗಿನ ತಿರುಳು ಕೆರೆದು, ಮತ್ತೆ ಜೋಡಿಸಿ ನಡುವೆ ಎರಡು ಕಡೆ ಬಿಗಿಯಾಗಿ ಸುತ್ತಿ. ಒಂದೊಂದು 6ರಿಂದ 8 ಕಿಲೋ ಇರಲಿ. ಅದಕ್ಕಿಂತ ಹಗುರಾದರೆ ಆಟ, ಹೆಚ್ಚಾದರೆ ಹತ್ತನೇ ರಿಹರ್ಸಲ್‌ಗೆ ಸೊಂಟ ಹಿಡಿಯುತ್ತೆ. ದಬ್ಬೆಯ ಸಿಬಿರು ಅಂಗೈಗೆ ಹೊಕ್ಕರೆ ಕೀವಾಗುತ್ತೆ, ಆದ್ದರಿಂದ ಮರಳುಕಾಗದದಲ್ಲಿ ಎರಡು ಸಲ ಉಜ್ಜಿ, ಹಿಡಿಯೋ ಜಾಗಕ್ಕೆ ಗೋಣಿ ಸುತ್ತಿ. ಐದು ದಿಮ್ಮಿ ಸಾಕು. ನಾಟಕದಲ್ಲಿ ಅವನು ಹೊರಬೇಕಾದ್ದು ಸಾವಿರಾರು ದಿಮ್ಮಿ, ಆದರೆ ಐದನ್ನೇ ಒಂದು ಮೂಲೆಯಿಂದ ಇನ್ನೊಂದಕ್ಕೆ, ಮತ್ತೆ ಅಲ್ಲಿಂದ ಇಲ್ಲಿಗೆ ಹೊರಿಸಿದರೆ ಕೆಲಸಕ್ಕೆ ಅರ್ಥ ಇಲ್ಲ, ಶಿಕ್ಷೆ ಮಾತ್ರ ಇದೆ ಅನ್ನೋದು ಎದ್ದು ಕಾಣುತ್ತೆ.

ಕೋಟೆ ಕಾವಲು
ನಮ್ಮೂರಲ್ಲೇ ಮಾಡ್ತಿದ್ದೀರಿ ಅಂದಮೇಲೆ ಪ್ರಾಸ್ಪೆರೊನನ್ನ ಪಾಳೆಯಗಾರ ಮಾಡಿಬಿಡಿ. ದ್ವೀಪದ ಬದಲು ಏಳುಸುತ್ತಿನ ಕೋಟೆ. 1779ರಲ್ಲಿ ಹೈದರಾಲಿ ದುರ್ಗ ತಗೊಂಡು ಮದಕರಿ ನಾಯಕನನ್ನ ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದದ್ದು ಇಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತೈತೆ. ಜನ ತಟ್ಟನೆ ಹಿಡಿತಾರೆ.

ರಂಗಮೇಷ್ಟ್ರು
ಜನ ಹಿಡೀತಾರೆ ನಿಜ, ಆದರೆ ತಪ್ಪಾಗಿ ಹಿಡೀತಾರೆ. ಮದಕರಿ ನಾಯಕನ ಕಥೆಯಲ್ಲಿ ಸೆರೆ ಹಿಡಿದವನು ಹೊರಗಿನವನು, ಸೆರೆಯಾದವನು ತಿರುಗಿ ಬರಲಿಲ್ಲ. ಟೆಂಪೆಸ್ಟ್‌ನಲ್ಲಿ ದ್ರೋಹ ಒಡಹುಟ್ಟಿದ ತಮ್ಮನದು, ಸೋತವನೇ ಇನ್ನೊಂದು ಜಾಗಕ್ಕೆ ಹೋಗಿ ಅಲ್ಲಿನವನನ್ನು ಆಳುಮಾಡಿಕೊಂಡ. ದುರ್ಗದ ಪ್ರೇಕ್ಷಕ ಮದಕರಿ ಅಂದಕೂಡಲೇ ಕೈ ಮುಗೀತಾನೆ, ಕ್ಯಾಲಿಬನ್ ಕಡೆಯ ನ್ಯಾಯ ಕಿವಿಗೇ ಬೀಳಲ್ಲ. ಈ ದ್ವೀಪ ನನ್ನದು, ನನ್ನ ತಾಯಿಯಿಂದ ಬಂದದ್ದು ಅಂತ ಅವನು ಹೇಳೋ ಮಾತು ಮುಖ್ಯ. ಕನ್ನಡದ ನೆಲಕ್ಕೆ ಒಗ್ಗಿಸೋ ಕೆಲಸ ಕುವೆಂಪು 1930ರಲ್ಲೇ ‘ಬಿರುಗಾಳಿ’ಯಲ್ಲಿ ಮಾಡಿದ್ದಾರೆ, ಅದನ್ನು ಓದಿಕೊಂಡು ಮುಂದಕ್ಕೆ ಹೋಗಿ.

ಕೋಟೆ ಕಾವಲು
ಕೈ ಮುಗಿಯೋ ಪ್ರೇಕ್ಷಕನನ್ನೇ ಅಲ್ಲಾಡಿಸಬೇಕಲ್ವಾ ಮೇಷ್ಟ್ರೇ? ಅದಕ್ಕೇ ಹೇಳಿದ್ದು.

ದುರ್ಗದ ನೇಪಥ್ಯ
ಎಲ್ಲರಿಗೂ ಧನ್ಯವಾದ. ಪಾಳೆಯಗಾರನ ರೂಪ ಬೇಡ ಅಂತ ತಂಡದಲ್ಲಿ ಮೊದಲೇ ಆಗಿದೆ. ಕಟ್ಟಿಗೆ ವಿಷಯ ಖಂಡಿತ ತಗೋತೀವಿ. ಕತ್ತರಿ ಎಲ್ಲಿ ಹಾಕೋದು ಅಂತ ಯಾರಾದರೂ ಹೇಳ್ತೀರಾ?

ರಂಗಮೇಷ್ಟ್ರು
ಟೈಪ್ ಮಾಡಿದ ಎ4 ಪುಟ ಒಂದಕ್ಕೆ ಒಂದೂವರೆಯಿಂದ ಎರಡು ನಿಮಿಷ ಹಿಡಿಯಿರಿ. 90 ನಿಮಿಷಕ್ಕೆ 45–60 ಪುಟ, ಹಾಡು ಕುಣಿತ ಇದ್ದರೆ 42ಕ್ಕೆ ಇಳಿಸಿ.

ದೊಡ್ಡ ತೊಡಕು ಮೊದಲ ಅಂಕದ ಎರಡನೇ ದೃಶ್ಯ. ಮೂಲದಲ್ಲಿ 500 ಸಾಲು, ಹೆಚ್ಚುಕಡಿಮೆ ಇಡೀ ನಾಟಕದ ಕಾಲುಭಾಗ. ಬಹಳ ತಂಡಗಳು ಇಲ್ಲೇ ಮುಗ್ಗರಿಸೋದು. ತಂದೆ ಮಗಳಿಗೆ ಹಳೇ ಕಥೆ ಹೇಳ್ತಾನೆ, ಪ್ರೇಕ್ಷಕ ಮಿರಾಂಡಾಗಿಂತ ಮುಂಚೆ ನಿದ್ದೆ ಹೋಗ್ತಾನೆ. ಮಿಲಾನ್ ರಾಜಕೀಯ ಮೂರನೇ ಒಂದಕ್ಕೆ ಇಳಿಸಿ. ತಮ್ಮ ದ್ರೋಹ ಮಾಡಿದ, ನೇಪಲ್ಸ್ ದೊರೆ ಕೈಜೋಡಿಸಿದ, ಮುದಿ ಮಂತ್ರಿ ಗೊಂಜಾಲೊ ಅನ್ನ, ಬಟ್ಟೆ, ಪುಸ್ತಕ ದೋಣಿಗೆ ಹಾಕಿದ, ಇಷ್ಟು ಸಾಕು. ಏರಿಯಲ್ ಬಿಡುಗಡೆ ಕೇಳೋದು, ಕ್ಯಾಲಿಬನ್ ಜಗಳ, ಇವೆರಡರಲ್ಲಿ ಒಂದು ಸಾಲೂ ಬಿಡಬೇಡಿ. ಮಿರಾಂಡಾ ಮೇಲೆ ಕ್ಯಾಲಿಬನ್ ಕೈ ಹಾಕಲು ಹೋದದ್ದನ್ನೂ ಮುಚ್ಚಬೇಡಿ. ಅದನ್ನು ತೆಗೆದರೆ ಅವನು ಬರೀ ನೊಂದ ಮುಗ್ಧ, ಅದೊಂದನ್ನೇ ಇಟ್ಟರೆ ಬರೀ ಮೃಗ.

ನಾಲ್ಕನೇ ಅಂಕದ ದೇವತೆಗಳ ಮೇಳ ಎರಡು ನಿಮಿಷದ ಹಾಡಾಗಲಿ. ಅದು ಅರ್ಧಕ್ಕೆ ನಿಲ್ಲೋದು ಮುಖ್ಯ. ಕ್ಯಾಲಿಬನ್ ಸಂಚು ನೆನಪಾಗಿ ಪ್ರಾಸ್ಪೆರೊ ಬೆಚ್ಚಿಬೀಳ್ತಾನೆ. ಎಲ್ಲರನ್ನೂ ಕಾಯೋನಿಗೆ ತನ್ನ ಮಗಳ ಮದುವೆ ಹಾಡನ್ನೂ ನೆಮ್ಮದಿಯಾಗಿ ಕೇಳೋಕಾಗಲ್ಲ.

ಪಾತ್ರ ಹಂಚಿಕೆ ಲೆಕ್ಕ: ಮುಖ್ಯ ಪಾತ್ರಗಳೇ 11. ಹಡಗಿನ ಬೋಟ್ಸ್‌ವೇನ್ (ನಾವಿಕರ ಮೇಸ್ತ್ರಿ) ಒಬ್ಬ ಉಳೀತಾನೆ. ಅವನನ್ನು ಕ್ಯಾಲಿಬನ್ ನಟನಿಗೇ ಕೊಡಿ. ಬಿರುಗಾಳಿಯಲ್ಲಿ ದೊರೆಯನ್ನೇ ಗದರಿಸಿ ಕೆಳಗೆ ಕಳಿಸೋ ದೇಹ, ಸ್ವಲ್ಪ ಹೊತ್ತಿಗೆ ಬೈಗುಳ ತಿನ್ನೋ ಆಳು. ಕತ್ತರಿ ಹಾಕಿದ ಮೇಲೂ ನಡುವೆ ಹತ್ತು ನಿಮಿಷ ಸಿಗುತ್ತೆ, ಬಣ್ಣ ಬದಲಿಸೋಕೆ ಸಾಕು. ಐದನೇ ಅಂಕದಲ್ಲಿ ಬೋಟ್ಸ್‌ವೇನ್ ಮತ್ತೆ ಬರ್ತಾನೆ, ಅಲ್ಲಿ ಅವನ ಸುದ್ದಿ ಏರಿಯಲ್ ಹೇಳಲಿ.

ಬೆಣ್ಣೆನಗರಿ ಬೆಳಕು
ಬಿರುಗಾಳಿ ಅಂದ್ರಲ್ಲ, ಅದಕ್ಕೆ ನಮ್ಮ ಕಂಪನಿ ನಾಟಕದ ಕೈಚಳಕ ಬಿಟ್ಟು ಪ್ರೊಜೆಕ್ಟರ್ ಹಿಂದೆ ಹೋಗಬೇಡ್ರಿ. ದಾವಣಗೆರೆಯ ಕೆಬಿಆರ್ ಡ್ರಾಮಾ ಕಂಪನಿ ಅಂಥವರ ಕಾಲದಿಂದ ಈ ಭಾಗದಾಗ ಆ ಕೆಲಸ ಗೊತ್ತಿದ್ದವರು ಅದಾರ. ಆರಡಿಗೆ ಮೂರಡಿ ತೆಳು ಜಿಐ ತಗಡು, ಮೇಲಿನ ಅಂಚಿಗೆ ಮರದ ಪಟ್ಟಿ ಹೊಡೆದು ತೂಗುಹಾಕಿ, ಕೆಳಗಿನ ಮೂಲೆ ಹಿಡಿದು ಅಲ್ಲಾಡಿಸಿದರೆ ಗುಡುಗು. ತಗಡು ದಪ್ಪ ಆದರೆ ಗುಡುಗಲ್ಲ, ಬರೀ ತಟ್ಟೆ ಬಡಿದ ಸದ್ದು. ಅಲೆಗೆ 20 ಅಡಿಯ ನೀಲಿ ಬಟ್ಟೆ ಎರಡು, ಎರಡೂ ತುದಿಗೆ ಒಬ್ಬೊಬ್ಬರು. ಒಂದು ಏಳುವಾಗ ಇನ್ನೊಂದು ಇಳೀಬೇಕು. ಸ್ಯಾಟಿನ್ ಬೇಡ, ಬೆಳಕಿಗೆ ಹೊಳೆದು ಮದುವೆ ಮಂಟಪ ಆಗುತ್ತೆ. ಕಾಟನ್ ತಗೊಳ್ರಿ.

ಪರಿಕರ ಪೆಟ್ಟಿಗೆ
ಅದೇ ನೀಲಿ ಬಟ್ಟೆಯನ್ನ ಆಮೇಲೆ ನೆಲದ ಸುತ್ತ ಹರಡಿಬಿಟ್ಟರೆ ದ್ವೀಪದ ಅಂಚಾಯ್ತು. ನಾಟಕ ಪೂರ್ತಿ ಯಾರೂ ಅದನ್ನು ದಾಟಬಾರದು, ಏರಿಯಲ್ ಒಬ್ಬನ ಬಿಟ್ಟು.

ಹೊಸದುರ್ಗದ ಓದುಗಿ
ಇದು ಕಂಬಿಗಿಂತ ಎಷ್ಟೋ ಪಾಲು ಚೆನ್ನಾಗಿದೆ.

ಹೊರಗಿನ ಗೇಟು
ಜೈಲಿನ ಪ್ರದರ್ಶನದ ಬಗ್ಗೆ ಇಷ್ಟು ಹೊತ್ತಾದರೂ ಯಾರೂ ಬರೆದಿಲ್ಲ. ಅಲ್ಲಿನ ಷರತ್ತು ನೋಡಿಕೊಂಡೇ ರಂಗಮಂದಿರದ ಪ್ರಯೋಗ ಕಟ್ಟಿ, ಆಮೇಲೆ ಬದಲಾಯಿಸೋದು ಕಷ್ಟ.

ಅರ್ಜಿ ಅಧೀಕ್ಷಕರ ಹೆಸರಿಗೆ. ಜೊತೆಗೆ ಪೂರ್ತಿ ಪ್ರತಿ, ಒಳಗೆ ಬರುವ ಪ್ರತಿಯೊಬ್ಬರ ಹೆಸರು, ಗುರುತಿನ ಚೀಟಿಯ ನಕಲು, ಪರಿಕರಗಳ ಪಟ್ಟಿ ಎಣಿಕೆ ಸಮೇತ. ಕೊನೇ ಗಳಿಗೆಯಲ್ಲಿ ನಟ ಬದಲಾದರೆ ಹೊಸಬ ಗೇಟಿನಲ್ಲೇ ಉಳೀತಾನೆ, ಆದ್ದರಿಂದ ಬದಲಿ ನಟರಿಬ್ಬರ ಹೆಸರೂ ಮೊದಲೇ ಸೇರಿಸಿ. ಮೊಬೈಲು, ಹಣ, ಪೆನ್‌ಡ್ರೈವ್ ಹೊರಗೆ, ಅಂದಮೇಲೆ ಸಂಗೀತ ಬಾಯಲ್ಲೇ ಕೈಯಲ್ಲೇ ಆಗಬೇಕು. ಹಗ್ಗ, ಸರಪಳಿ, ಗಾಜು ಕೇಳಲೇ ಬೇಡಿ. ಮೇಲೆ ಹೇಳಿದ ತಗಡಿನ ಅಂಚು ಹರಿತ, ಅದೂ ಅನುಮಾನ. ತಮಟೆ ತಗೊಂಡು ಹೋಗಿ. ಸ್ಟೆಫಾನೊನ ಸೀಸೆಗೆ ತೊಂದರೆ ಇಲ್ಲ, ಮೂಲದಲ್ಲೇ ಅದು ಅವನು ಮರದ ತೊಗಟೆಯಲ್ಲಿ ಮಾಡಿಕೊಂಡದ್ದು. ಒಣ ಸೋರೆಬುರುಡೆ ಸಾಕು. ಖಾಕಿ ಬಟ್ಟೆ ಯಾವ ಪಾತ್ರಕ್ಕೂ ಬೇಡ, ಸಿಬ್ಬಂದಿ ಯಾರು ನಟ ಯಾರು ಅನ್ನೋ ಗೊಂದಲಕ್ಕೆ ಅವರು ಒಪ್ಪಲ್ಲ. ಬಿಳಿ ಅಂಗಿ ಚಡ್ಡಿಯೂ ಬೇಡ, ಅದು ಶಿಕ್ಷೆಯಾದ ಬಂದಿಗಳ ಉಡುಪು.

ಬೆಳಕಿನ ವಿನ್ಯಾಸ ಅಲ್ಲಿ ಇಲ್ಲ. ಸಂಜೆ ಬಂದಿಗಳನ್ನ ಎಣಿಸಿ ಬ್ಯಾರಕ್‌ಗೆ ಹಾಕಿ ಬೀಗ ಹಾಕ್ತಾರೆ, ಅಷ್ಟರೊಳಗೆ ಮುಗೀಬೇಕು. ಮಧ್ಯಾಹ್ನ ಎರಡಕ್ಕೆ ಶುರು ಅಂತ ಬರೆಯಿರಿ. ನಾಟಕದೊಳಗಿನ ಸಮಯವೂ ಮಧ್ಯಾಹ್ನ ಎರಡರ ಮೇಲಿಂದ ಆರರವರೆಗೆ. ಆರರೊಳಗೆ ಎಲ್ಲ ಮುಗಿಸಬೇಕು ಅಂತ ಪ್ರಾಸ್ಪೆರೊ ಏರಿಯಲ್‌ಗೆ ಅವಸರ ಮಾಡ್ತಾನಲ್ಲ, ಅಲ್ಲಿ ಕೂತವರಿಗೆ ಆ ಆರು ಗಂಟೆ ಏನಂತ ಚೆನ್ನಾಗಿ ಗೊತ್ತು.

ಕೆಂಪುಕೋಟು
ಈ ಕೊನೇ ಮಾತು ಓದಿ ಮೈ ಜುಮ್ಮೆಂತು. ನಿಜ.

ದುರ್ಗದ ನೇಪಥ್ಯ
ತುಂಬಾ ಉಪಕಾರ ಆಯ್ತು. ಹೊರಗಿನ ಗೇಟು ಅವರೇ, ನಾವು ಒಳಗೆ ಹೋಗಿ ಆಡಿ ಬರೋದಕ್ಕಿಂತ ಬಂದಿಗಳಿಂದಲೇ ಆಡಿಸಬಹುದಾ? ರಂಗನಿರ್ದೇಶಕ ಹುಲುಗಪ್ಪ ಕಟ್ಟೀಮನಿಯವರು ನಮ್ಮ ರಾಜ್ಯದ ಜೈಲುಗಳಲ್ಲಿ ಅದನ್ನ ಮಾಡಿ ತೋರಿಸಿದ್ದಾರಲ್ಲ.

ಹೊರಗಿನ ಗೇಟು
ಮಾಡಬಹುದು, ಆದರೆ ಜಾಗ ನೋಡಿ. ಕೇಂದ್ರ ಕಾರಾಗೃಹದಲ್ಲಿ ಉದ್ದ ಶಿಕ್ಷೆಯವರು ಇರ್ತಾರೆ, ತಿಂಗಳುಗಟ್ಟಲೆ ತಾಲೀಮು ಮಾಡಿಸಬಹುದು. ಜಿಲ್ಲಾ ಜೈಲಿನಲ್ಲಿ ಇರೋರು ಬಹುತೇಕ ವಿಚಾರಣಾಧೀನ ಬಂದಿಗಳು. ದೇಶದ ಒಟ್ಟು ಲೆಕ್ಕದಲ್ಲೇ ನಾಲ್ಕರಲ್ಲಿ ಮೂರು ಪಾಲು ಅವರು. ಇವತ್ತು ಏರಿಯಲ್ ಆದವನಿಗೆ ನಾಳೆ ಜಾಮೀನು, ನಾಡಿದ್ದು ಅಲಾನ್ಸೊಗೆ ಕೋರ್ಟು ದಿನಾಂಕ. ಪ್ರತಿ ಪಾತ್ರಕ್ಕೂ ಇಬ್ಬರನ್ನ ಕಲಿಸಬೇಕು, ದೃಶ್ಯಗಳು ಬಿಡಿಬಿಡಿಯಾಗಿ ನಿಲ್ಲಬೇಕು. ಆಟ್ವುಡ್ ಕಾದಂಬರಿಯ ಒಂದು ಅಭ್ಯಾಸ ಇಲ್ಲಿ ಬಹಳ ಕೆಲಸಕ್ಕೆ ಬರುತ್ತೆ. ತಾಲೀಮಿನಲ್ಲಿ ಬೈಯೋದಿದ್ದರೆ ನಾಟಕದೊಳಗಿನ ಬೈಗುಳ ಮಾತ್ರ ಬಳಸಬೇಕು, ಹೊರಗಿನದು ಬಂದರೆ ಮಾರ್ಕ್ಸ್ ಕಳೀತಾರೆ. ಓದೋಕೆ ಕಷ್ಟಪಡೋರೂ ಬೈಗುಳ ಹುಡುಕ್ತಾ ಇಡೀ ಪ್ರತಿ ಓದಿಬಿಡ್ತಾರೆ.

ಹೊಸದುರ್ಗದ ಓದುಗಿ
ವಿಚಾರಣಾಧೀನರ ಮಾತು ಬಂದಾಗ ನಾಟಕ ಬೇರೆ ಥರ ಕಾಣ್ತಿದೆ. ಏರಿಯಲ್‌ಗೆ ದಿನಾಂಕ ಇದೆ. ಎರಡು ದಿನ ಆದಮೇಲೆ ಬಿಡ್ತೀನಿ ಅಂತ ಒಡೆಯ ಬಾಯಿಬಿಟ್ಟು ಹೇಳ್ತಾನೆ, ನಾಟಕದ ಉದ್ದಕ್ಕೂ ಅದನ್ನೇ ಮತ್ತೆ ಮತ್ತೆ ಹೇಳ್ತಾನೆ. ಕ್ಯಾಲಿಬನ್‌ಗೆ ದಿನಾಂಕವೇ ಇಲ್ಲ. ಕೊನೆಗೆ ಅವನು ಹಡಗು ಹತ್ತಿದನೋ ದ್ವೀಪದಲ್ಲೇ ಉಳಿದನೋ ಅಂತಲೂ ಷೇಕ್ಸ್‌ಪಿಯರ್ ಹೇಳಲ್ಲ. ಜಿಲ್ಲಾ ಜೈಲಿನ ಪ್ರೇಕ್ಷಕ ಕ್ಯಾಲಿಬನ್ ಸಾಲಿಗೆ ಸೇರಿದವನು. ಏರಿಯಲ್ ಪಾತ್ರಧಾರಿ ‘ಯಾವಾಗ?’ ಅನ್ನೋ ಪ್ರಶ್ನೆಯನ್ನ ಪ್ರಾಸ್ಪೆರೊ ಮುಖ ನೋಡಿ ಕೇಳಲಿ, ಕ್ಯಾಲಿಬನ್ ಕೇಳೋದು ಬೇಡವೇ ಬೇಡ, ಅವನು ಯಾರನ್ನೂ ಕೇಳಲ್ಲ.

ಕೆಂಪುಕೋಟು
ಆಟ್ವುಡ್ ಬಗ್ಗೆ ನನ್ನ ತಕರಾರೂ ಅದೇ ಅಕ್ಕಾ. ಫೀಲಿಕ್ಸ್ ಗೆದ್ದಮೇಲೆ ಅವಧಿಗೆ ಮುಂಚೆ ಹೊರಗೆ ಬರೋದು ಒಬ್ಬ, ಏರಿಯಲ್ ಮಾಡಿದ ಹ್ಯಾಕರ್. ಕ್ಯಾಲಿಬನ್ ಮಾಡಿದ ಲೆಗ್ಸ್ ಒಳಗೇ. ಮೂಲ ನಾಟಕದ ಅನ್ಯಾಯವನ್ನೇ ಕಾದಂಬರಿ ಮತ್ತೆ ಮಾಡುತ್ತೆ, ಖುಷಿಯ ಕೊನೆ ಅಂತ ನಮಗೆ ಕೊಡುತ್ತೆ.

ಹೊಸದುರ್ಗದ ಓದುಗಿ
ಅರ್ಧ ಒಪ್ಪುತ್ತೀನಿ ಅಣ್ಣಾ. ಆದರೆ ನಾಟಕ ಮುಗಿದ ಮೇಲೆ ಕೈದಿಗಳ ತಂಡಗಳು ತಮ್ಮ ತಮ್ಮ ಪಾತ್ರದ ಮುಂದಿನ ಬದುಕನ್ನು ತಾವೇ ಕಟ್ಟಿ ಹೇಳೋ ಭಾಗ ಇದೆಯಲ್ಲ. ಕ್ಯಾಲಿಬನ್ ತಂಡ, ಪ್ರಾಸ್ಪೆರೊನೇ ಅವನ ತಂದೆ ಅಂತ ವಾದಿಸುತ್ತೆ. ಈ ಕತ್ತಲ ಕೂಸು ನನ್ನದು ಅಂತ ಅವನೇ ಒಪ್ಪಿಕೊಂಡಿದ್ದಾನಲ್ಲ ಅಂತ ಸಾಲು ಹಿಡಿದು ತೋರಿಸುತ್ತೆ. ಗೇಟು ತೆರೆಯದಿದ್ದರೂ ಪಠ್ಯ ಅವರ ಕೈಗೆ ಬಂತು. ಅದು ಸಣ್ಣದಲ್ಲ.

ಕೆಂಪುಕೋಟು
ಸಣ್ಣದಲ್ಲ, ಸಾಲದು.

ರಂಗಮೇಷ್ಟ್ರು
ಆಂಟೊನಿಯೊ ಬಗ್ಗೆ ಒಂದು ಎಚ್ಚರಿಕೆ. ಪ್ರಾಸ್ಪೆರೊ ಕ್ಷಮಿಸ್ತಾನೆ, ಅವನು ಕ್ಷಮೆ ಕೇಳೋದೇ ಇಲ್ಲ. ಐದನೇ ಅಂಕದಲ್ಲಿ ಅವನಿಗಿರೋದು ಒಂದೇ ಮಾತು, ಅದೂ ಕ್ಯಾಲಿಬನ್‌ನನ್ನ ಮಾರಬಹುದು ಅನ್ನೋದು. ಹೊಸ ನಿರ್ದೇಶಕರು ಇಲ್ಲಿ ಅವನ ಕಣ್ಣಲ್ಲಿ ನೀರು ತರಿಸ್ತಾರೆ, ಅಪ್ಪಿಕೊಳ್ಳೋ ಹಾಗೆ ಮಾಡ್ತಾರೆ. ಬೇಡ. ಸುಮ್ಮನೆ ನಿಲ್ಲಲಿ. ಇನ್ನು ಉಪಸಂಹಾರ ಜೈಲಿನಲ್ಲಿ ಮಾಡುವಾಗ ಪ್ರಾಸ್ಪೆರೊ ನೀಲಿ ಬಟ್ಟೆಯ ಅಂಚಿಗೆ ಬಂದು ನಿಲ್ಲಲಿ, ದಾಟಬಾರದು. ಬಿಡುಗಡೆ ಕೊಡಿ ಅಂತ ಬಂದಿಗಳನ್ನೇ ಕೇಳ್ತಿದ್ದಾನೆ. ಅಲ್ಲಿ ಚಪ್ಪಾಳೆ ಕೂಡಲೇ ಬರದಿದ್ದರೆ ನಟ ಗಾಬರಿಯಾಗಿ ನಮಸ್ಕಾರ ಮಾಡಿ ಒಳಗೋಡಬಾರದು, ಕಾಯೋದನ್ನೂ ತಾಲೀಮಿನಲ್ಲೇ ಅಭ್ಯಾಸ ಮಾಡಿಸಿ.

ಕೋಟೆ ಕಾವಲು
ಇದೇ ಪ್ರಯೋಗ ಸಾಣೇಹಳ್ಳಿಯ ಬಯಲು ರಂಗಮಂದಿರದಲ್ಲೂ ಆಡಿ. ಜೈಲಿಗೆ ಅಂತ ಬೆಳಕಿಲ್ಲದೆ ಕಟ್ಟಿದ್ದು ಅಲ್ಲೂ ನಿಲ್ಲುತ್ತೆ.

ದುರ್ಗದ ನೇಪಥ್ಯ
ಕಂಬಿ ಕೈಬಿಟ್ಟೆವು. ನೀಲಿ ಬಟ್ಟೆ, ಐದು ದಿಮ್ಮಿ, ಹಗಲು ಬೆಳಕು. ಕೊನೇ ಪ್ರಶ್ನೆ: ‘ಬಿರುಗಾಳಿ’ಯ ಕೆಲವು ಸಾಲು, ಹ್ಯಾಗ್-ಸೀಡ್‌ನ ಕೆಲವು ಪ್ರಸಂಗ ಬಳಸೋಕೆ ಅನುಮತಿ ಬೇಕಾ?

ಹೊರಗಿನ ಗೇಟು
ಎರಡಕ್ಕೂ ಬೇಕು. ಷೇಕ್ಸ್‌ಪಿಯರನ ಮೂಲ 1623ರಲ್ಲಿ ಅಚ್ಚಾದದ್ದು, ಯಾರನ್ನೂ ಕೇಳಬೇಕಿಲ್ಲ. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತೆ. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಅಂದರೆ 2054ರ ಕೊನೆಯವರೆಗೆ. ಹಕ್ಕುದಾರರಿಗೆ ಪತ್ರ ಬರೆಯಿರಿ, ಯಾವ ಸಾಲು, ಎಷ್ಟು ಪ್ರದರ್ಶನ, ಟಿಕೆಟ್ ಇದೆಯೋ ಇಲ್ಲವೋ ಅಂತ ಸ್ಪಷ್ಟವಾಗಿ. ಹ್ಯಾಗ್-ಸೀಡ್‌ನ ಪಾತ್ರ, ಪ್ರಸಂಗ, ಸಂಭಾಷಣೆ ಮುಟ್ಟಬೇಕಾದರೆ ಪ್ರಕಾಶಕರ ಒಪ್ಪಿಗೆ ಬೇಕು, ಅದಕ್ಕೆ ತಿಂಗಳುಗಳೇ ಹಿಡೀಬಹುದು. ಜೈಲಿನೊಳಗೆ ಟೆಂಪೆಸ್ಟ್ ಆಡಬೇಕು ಅನ್ನೋ ಯೋಚನೆಗೆ ಮಾತ್ರ ಯಾರ ಹಕ್ಕೂ ಇಲ್ಲ. ಮೂಲದಿಂದಲೇ ನೇರ ಅನುವಾದ ಮಾಡಿಕೊಳ್ಳಿ. ಜೈಲಿನ ಅರ್ಜಿಯ ಜೊತೆ ಇಡೋ ಪ್ರತಿಯೂ ಅದೇ ಆಗಿರಲಿ.